ದಪ್ಪ ಟೈರ್ ಹಾಕಿದರೆ ರಿಮ್ ಬೇಗ ಹೋಗುತ್ತಾ?

ಪ್ರಶ್ನೆ: ನಾನು ಸಕಲೇಶಪುರದ ಹತ್ತಿರ ಇರುವವನು. ತೂಕ 86 ಕೆ.ಜಿ. ನನ್ನದು 29 ಇಂಚಿನ ಚಕ್ರದ ಹಾರ್ಡ್‌ಟೈಲ್ (ಹಿಂದೆ ಸಸ್ಪೆನ್ಶನ್ ಇಲ್ಲದ) ಮೌಂಟನ್ ಬೈಕ್. ಡಿಸ್ಕ್ ಬ್ರೇಕ್, 32 ಕಡ್ಡಿ, 29×2.1 ಟೈರ್ (ಅಂದರೆ ಅಗಲ 2.1 ಇಂಚು), ಒಳಗೆ ಟ್ಯೂಬ್. ರಿಮ್‌ನ ಒಳ ಅಗಲ 21 ಮಿ.ಮೀ. ವಾರದಲ್ಲಿ ಮೂರು ದಿನ ತೋಟದ ರಸ್ತೆಯಲ್ಲಿ ಓಡಿಸುತ್ತೇನೆ, ಭಾನುವಾರ ಗುಡ್ಡದ ಕಡೆ ಹೋಗುತ್ತೇನೆ. ಒಂದೂವರೆ ವರ್ಷದಲ್ಲಿ ಹಿಂದಿನ ಚಕ್ರದ ಎರಡು ರಿಮ್ ಹೋದವು. ಮೊದಲನೆಯದರ ಅಂಚು ಕಲ್ಲಿಗೆ ಬಡಿದು ಒಳಕ್ಕೆ ಮಡಚಿಕೊಂಡಿತು. ಅದೇ ಜಾಗದಲ್ಲಿ ಟ್ಯೂಬಿಗೂ ಅಕ್ಕಪಕ್ಕ ಎರಡು ತೂತು. ಆಗ ಗಾಳಿ ಎಷ್ಟಿತ್ತೋ ಗೊತ್ತಿಲ್ಲ, ಹೆಬ್ಬೆರಳಲ್ಲಿ ಒತ್ತಿ ನೋಡುತ್ತಿದ್ದೆ ಅಷ್ಟೇ. ರಿಮ್ ಬದಲಿಸಿದ ಮೇಲೆ ಅಂಗಡಿ ಅಣ್ಣ ಹೇಳಿದ ಹಾಗೆ 60 ಪಿಎಸ್‌ಐ ಹೊಡೆಸಿಕೊಂಡು ಓಡಿಸಿದೆ. ಎರಡನೇ ರಿಮ್‌ಗೆ ಎಲ್ಲೂ ಪೆಟ್ಟು ಬಿದ್ದ ಗುರುತಿಲ್ಲ. ಆದರೆ ತಿಂಗಳಾಗುವಷ್ಟರಲ್ಲಿ ಚಕ್ರ ಆಡತೊಡಗಿತು. ನಾಲ್ಕು ಸಲ ಬೆಂಡ್ ತೆಗೆಸಿದೆ. ಎರಡು ಕಡ್ಡಿ ಮುರಿದವು. ಕೊನೆಗೆ ಒಂದು ನಿಪ್ಪಲ್ (ಕಡ್ಡಿಯನ್ನು ರಿಮ್‌ಗೆ ಬಿಗಿಯುವ ತಿರುಪು) ಪಕ್ಕ ರಿಮ್‌ನಲ್ಲಿ ಬಿರುಕು ಬಂತು. ಈಗ ಮೂರನೇ ರಿಮ್ ತಗೊಳ್ಳಬೇಕು. "ದಪ್ಪ ಟೈರ್ ಹಾಕಿದ್ರೆ ರಿಮ್ ಸೀಳುತ್ತೆ, 1.95 ಹಾಕಿ ಕಲ್ಲಿನ ಹಾಗೆ ಗಾಳಿ ಹೊಡೆಸಿ" ಎನ್ನುತ್ತಾರೆ ಅಂಗಡಿಯವರು. "2.6 ಹಾಕು, ಏನೂ ಆಗಲ್ಲ" ಎನ್ನುತ್ತಾನೆ ಗೆಳೆಯ. ಯಾರ ಮಾತು ಕೇಳಲಿ?

ಉತ್ತರ: ಎರಡು ರಿಮ್ ಹೋದವು ಅಂತ ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಆದರೆ ಅವು ಹೋದ ದಾರಿ ಬೇರೆ ಬೇರೆ. ಮೊದಲನೆಯದು ಕಲ್ಲಿನ ಪೆಟ್ಟಿಗೆ ಹೋಯಿತು. ಎರಡನೆಯದು ಕಡ್ಡಿಗಳ ಎಳೆತ ಕೆಟ್ಟು ಹೋಯಿತು. ಟೈರ್ ದಪ್ಪವೋ ಸಣ್ಣವೋ ಅನ್ನೋದಕ್ಕೂ ಮೊದಲನೆಯದಕ್ಕೂ ನೇರ ಸಂಬಂಧ ಇದೆ. ಎರಡನೆಯದಕ್ಕೆ ತೀರಾ ಕಡಿಮೆ. ಎರಡಕ್ಕೂ ಒಂದೇ ಮದ್ದು ಹುಡುಕಿದರೆ ಮೂರನೇ ರಿಮ್ ಕೂಡ ಅದೇ ದಾರಿ ಹಿಡಿಯುತ್ತದೆ.

ನಾನು ಚಕ್ರ ಕಟ್ಟುವ ಕೆಲಸದವನು. ಹೋದ ರಿಮ್ ಕೈಗೆ ಬಂದರೆ ಮೊದಲು ಗಾಯ ನೋಡುತ್ತೇನೆ, ಆಮೇಲೆ ಟೈರ್ ನೋಡುತ್ತೇನೆ. ಅಂಚು ಒಳಕ್ಕೆ ಮಡಚಿದ್ದರೆ, ಟ್ಯೂಬಿನಲ್ಲಿ ಹಾವು ಕಚ್ಚಿದ ಹಾಗೆ ಎರಡು ತೂತು ಇದ್ದರೆ, ಕತೆ ಸ್ಪಷ್ಟ. ಟೈರ್ ಪೂರ್ತಿ ಕುಸಿದು, ಕಲ್ಲು ಮತ್ತು ರಿಮ್ ನಡುವೆ ಟ್ಯೂಬ್ ಸಿಕ್ಕಿಕೊಂಡು ಕಚ್ಚಿಸಿಕೊಂಡಿದೆ. ಅಂಚು ನೆಟ್ಟಗಿದ್ದು, ನಿಪ್ಪಲ್ ತೂತಿನ ಸುತ್ತ ಕೂದಲೆಳೆಯ ಹಾಗೆ ಬಿರುಕು ಇದ್ದರೆ ಅದು ಒಂದು ದಿನದ ಪೆಟ್ಟಲ್ಲ, ಸಾವಿರಾರು ಸಲ ಎಳೆದು ಬಿಟ್ಟು ಎಳೆದು ಬಿಟ್ಟು ಬಂದ ಸುಸ್ತು. ನಿಮ್ಮ ಎರಡು ರಿಮ್‌ಗಳೂ ಈ ಎರಡು ಜಾತಿಗೆ ಪಾಠದ ಚಿತ್ರದ ಹಾಗಿವೆ.

ಮೊದಲು ಅಂಗಡಿಯವರ ಮಾತು ತೆಗೆದುಕೊಳ್ಳೋಣ. ದಪ್ಪ ಟೈರ್ ರಿಮ್ ಸೀಳುತ್ತದೆ ಅನ್ನೋದು ಪೂರ್ತಿ ಸುಳ್ಳಲ್ಲ. ಅದಕ್ಕೇ ಅದು ಇಷ್ಟು ವರ್ಷ ಬದುಕಿದೆ. ಟೈರಿನೊಳಗಿನ ಗಾಳಿ ಟೈರಿನ ಬಟ್ಟೆಯನ್ನು ಎಳೆಯುತ್ತದೆ. ಆ ಎಳೆತ ಟೈರಿನ ಅಂಚಿನ ಮೂಲಕ ರಿಮ್‌ನ ಎರಡೂ ಗೋಡೆಗೆ ಬಂದು ಅವನ್ನು ಹೊರಕ್ಕೆ ನೂಕುತ್ತದೆ. ಗಾಳಿ ಅಷ್ಟೇ ಇದ್ದರೂ ಟೈರ್ ದಪ್ಪ ಆದಷ್ಟೂ ಈ ಎಳೆತ ಜಾಸ್ತಿ. ಸಣ್ಣ ರಬ್ಬರ್ ಪೈಪು ದೊಡ್ಡ ಒತ್ತಡ ತಡೆಯುತ್ತದೆ, ಅಷ್ಟೇ ದಪ್ಪದ ಗೋಡೆಯ ದೊಡ್ಡ ರಬ್ಬರ್ ಡ್ರಮ್ ತಡೆಯಲ್ಲ. ಕಾರಣ ಇದೇ.

ಇದನ್ನು ಲೆಕ್ಕ ಹಾಕೋಕೆ ಎಂಜಿನಿಯರ್ ಆಗಬೇಕಿಲ್ಲ. ಪಿಎಸ್‌ಐ ಅಂಕಿಯನ್ನು ಟೈರಿನ ಇಂಚಿನಿಂದ ಗುಣಿಸಿ. ಬಂದ ಸಂಖ್ಯೆಗೆ ಹೆಸರು ಬೇಡ, ಒಂದಕ್ಕೊಂದು ಹೋಲಿಸಿದರೆ ಸಾಕು. 2.1 ಟೈರಿಗೆ 40 ಪಿಎಸ್‌ಐ ಅಂದರೆ 84. ಅದೇ 40 ಪಿಎಸ್‌ಐ 2.35ಕ್ಕೆ ಹೊಡೆದರೆ 94. ಅಂಗಡಿಯವರು ಹೇಳಿದ್ದು ಇಷ್ಟರ ಮಟ್ಟಿಗೆ ಸರಿ. ಆದರೆ 2.35 ಹಾಕಿಕೊಂಡು ಯಾರೂ 40 ಹೊಡೆಸಬಾರದು. 30 ಸಾಕು. ಆಗ ಸಂಖ್ಯೆ 70ರ ಆಸುಪಾಸಿಗೆ ಇಳಿಯುತ್ತದೆ. ಈಗ ಅಂಗಡಿಯವರು ಕೊಟ್ಟ ಸಲಹೆ ನೋಡಿ. 1.95ಕ್ಕೆ 60 ಪಿಎಸ್‌ಐ ಅಂದರೆ 117. ನೀವು ಈಗಾಗಲೇ 2.1ಕ್ಕೆ 60 ಹೊಡೆಸಿ ಓಡಿಸಿದ್ದೀರಲ್ಲ, ಅದು 126. ರಿಮ್ ಸೀಳಬಾರದು ಅಂತ ಕೊಟ್ಟ ಸಲಹೆಯೇ ರಿಮ್‌ನ ಗೋಡೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಭಾರ ಹಾಕುತ್ತಿದೆ.

ಇನ್ನೊಂದು ತುದಿಗೆ ಹೋದರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಫ್ಯಾಟ್ ಬೈಕ್ ನೋಡಿರಬೇಕು ನೀವು, ಮೋಟಾರ್ ಬೈಕಿನಂಥ ದಪ್ಪ ಟೈರಿನದು. 2005ರಲ್ಲಿ ಅಮೆರಿಕದ ಸರ್ಲಿ ಕಂಪನಿ ತಂದ ಪಗ್ಸ್‌ಲಿಗೆ 3.7 ಇಂಚಿನ ಟೈರ್ ಇತ್ತು. ಹಿಮ, ಮರಳಿನ ಮೇಲೆ ಓಡಿಸಲು ಮಾಡಿದ ಇಂಥ ಬೈಕುಗಳ ಎಷ್ಟೋ ರಿಮ್‌ಗಳು ಒಂದೇ ಪದರದವು. ತೂಕ ಇಳಿಸಲು ಮೇಲಿಂದ ಸಾಲಾಗಿ ದೊಡ್ಡ ದೊಡ್ಡ ತೂತು ಬೇರೆ ಕೊರೆದಿರುತ್ತಾರೆ. ದಪ್ಪ ಟೈರ್ ರಿಮ್ ಸೀಳುತ್ತೆ ಅನ್ನೋದಾದರೆ ಈ ರಿಮ್‌ಗಳು ಮೊದಲ ದಿನವೇ ಚೂರಾಗಬೇಕಿತ್ತು. ಆಗಲ್ಲ. ಯಾಕೆಂದರೆ ಹಿಮದಲ್ಲಿ ಅದರ ಗಾಳಿ 8 ಪಿಎಸ್‌ಐ ಆಸುಪಾಸು ಇರುತ್ತದೆ. 4 ಇಂಚಿಗೆ 8 ಅಂದರೆ ಬರೀ 32. ಅದೇ ಬೈಕನ್ನು ನಮ್ಮೂರಲ್ಲಿ ತಗೊಂಡವರು "ಟೈರ್ ಸಪ್ಪೆ ಕಾಣ್ತಿದೆ" ಅಂತ ಬಂಕಿನಲ್ಲಿ 30 ಹೊಡೆಸುತ್ತಾರೆ. 120 ಆಯಿತು. ರಿಮ್ ಬಾಯಿ ಬಿಟ್ಟ ಮೇಲೆ ಟೈರಿಗೆ ಬೈಯುತ್ತಾರೆ.

ಅಂಗಡಿಯವರ ನಂಬಿಕೆ ಹುಟ್ಟಿದ ಜಾಗ ಇನ್ನೊಂದಿದೆ. ರಬ್ಬರ್ ಪ್ಯಾಡ್ ರಿಮ್‌ಗೇ ಉಜ್ಜುವ ವಿ-ಬ್ರೇಕ್ ಕಾಲದಲ್ಲಿ ರಿಮ್‌ನ ಗೋಡೆ ವರ್ಷ ವರ್ಷ ಸವೆಯುತ್ತಿತ್ತು. ಮಳೆಗಾಲದ ಕೆಸರು ಸೇರಿದರೆ ಉಪ್ಪುಕಾಗದದಿಂದ ತಿಕ್ಕಿದ ಹಾಗೆ. ತೆಳುವಾದ ಗೋಡೆಗೆ ದಪ್ಪ ಟೈರ್ ಹಾಕಿ ಗಟ್ಟಿ ಗಾಳಿ ಹೊಡೆದರೆ ಅದು ನಿಜವಾಗಿಯೂ ಉದ್ದಕ್ಕೆ ಸೀಳಿ ಹೊರಕ್ಕೆ ಬಂದುಬಿಡುತ್ತಿತ್ತು. ನಾನೂ ಅಂಥವು ಹಲವು ನೋಡಿದ್ದೇನೆ. ವಿ-ಬ್ರೇಕ್ ಬೈಕ್ ಇಟ್ಟುಕೊಂಡವರು ಇದನ್ನು ಓದುತ್ತಿದ್ದರೆ, ಬ್ರೇಕ್ ಉಜ್ಜುವ ಪಟ್ಟಿಯ ಮೇಲೆ ಬೆರಳಾಡಿಸಿ. ತಟ್ಟೆಯ ಹಾಗೆ ಒಳಕ್ಕೆ ಗುಳಿ ಬಿದ್ದಿದ್ದರೆ, ಅಥವಾ ಸವೆತ ತೋರಿಸಲು ಕೊಟ್ಟ ಗೆರೆ ಮಾಯವಾಗಿದ್ದರೆ ಟೈರಿನ ಮಾತು ಆಮೇಲೆ, ರಿಮ್ ಮೊದಲು. ನಿಮ್ಮದು ಡಿಸ್ಕ್ ಬ್ರೇಕ್. ಈ ಭಯ ನಿಮಗೆ ಬೇಡ.

"ಕಲ್ಲಿನ ಹಾಗೆ ಗಾಳಿ" ಅನ್ನೋ ಮಾತಿಗೂ ಹಿನ್ನೆಲೆ ಇದೆ. ನಮ್ಮ ಅಪ್ಪಂದಿರ 28 ಇಂಚಿನ ಕಪ್ಪು ಸೈಕಲ್ ನೆನಪಿಸಿಕೊಳ್ಳಿ. ಒಂದೂವರೆ ಇಂಚಿನ ಟೈರ್, ಸ್ಟೀಲ್ ರಿಮ್, ಮುಂದೆ 32 ಕಡ್ಡಿ, ಹಿಂದೆ 40. ಅದರ ಕ್ಯಾರಿಯರ್ ಮೇಲೆ ಹಾಲಿನ ಕ್ಯಾನ್, ಹುಲ್ಲಿನ ಹೊರೆ. ಅಷ್ಟು ಸಣ್ಣ ಟೈರಿಗೆ ಅಷ್ಟು ಭಾರ ಹಾಕಿದರೆ ಗಟ್ಟಿ ಗಾಳಿ ಬಿಟ್ಟು ಬೇರೆ ದಾರಿಯೇ ಇರಲಿಲ್ಲ. ಸ್ಟೀಲ್ ರಿಮ್ ಮಡಚಿದರೂ ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡಬಹುದಿತ್ತು. ಆ ಸೈಕಲ್ಲಿಗೆ ಆ ಸಲಹೆ ಸರಿಯೇ. ಅದನ್ನೇ ಅಲ್ಯೂಮಿನಿಯಂ ರಿಮ್‌ನ ಮೌಂಟನ್ ಬೈಕಿಗೆ ತಂದದ್ದು ತಪ್ಪು.

ಈಗ ನಿಮ್ಮ ಮೊದಲ ರಿಮ್. ಕಲ್ಲಿಗೂ ರಿಮ್‌ಗೂ ನಡುವೆ ಇರೋದು ಒಂದು ಗಾಳಿಯ ಗಾದಿ. ಆ ಗಾದಿ ಎಷ್ಟು ದಪ್ಪ, ಎಷ್ಟು ಗಟ್ಟಿ, ಇವೆರಡೇ ರಿಮ್‌ನ ಅಂಚು ಉಳಿಯುತ್ತದೋ ಇಲ್ಲವೋ ಅನ್ನೋದನ್ನು ತೀರ್ಮಾನಿಸುತ್ತವೆ. 2.1ರಿಂದ 2.35ಕ್ಕೆ ಹೋದರೆ ಅಗಲ ಸುಮಾರು 6 ಮಿ.ಮೀ. ಹೆಚ್ಚುತ್ತದೆ. ಎತ್ತರವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. 6 ಮಿ.ಮೀ. ಏನು ಮಹಾ ಅನ್ನಿಸಬಹುದು. ಆದರೆ ಟೈರ್ ಕುಸಿಯುತ್ತಾ ಹೋದ ಹಾಗೆ ಕಲ್ಲಿಗೆ ತಾಗುವ ಜಾಗ ಅಗಲವಾಗುತ್ತದೆ. ತಾಗುವ ಜಾಗ ಅಗಲವಾದಷ್ಟೂ ಟೈರ್ ಒಡ್ಡುವ ತಡೆ ಹೆಚ್ಚು. ಹಾಗಾಗಿ ಕುಸಿತದ ಮೊದಲ 6 ಮಿ.ಮೀ. ಏನೂ ಅಲ್ಲ, ಕೊನೆಯ 6 ಮಿ.ಮೀ. ಬಹಳ ಕೆಲಸ ಮಾಡುತ್ತದೆ. ದಪ್ಪ ಟೈರ್ ಕೊಡೋದು ಈ ಕೊನೆಯ ಪಾಲನ್ನು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಆಗಾಗ ಕೇಳುತ್ತೇನೆ. ಕಲ್ಲಿಗೆ ಬಡಿದಾಗ ಒಳಗಿನ ಒತ್ತಡ ಇದ್ದಕ್ಕಿದ್ದಂತೆ ಏರಿ ರಿಮ್ ಒಡೆಯುತ್ತದೆ ಅಂತ. ಹಾಗೇನಿಲ್ಲ. ಇಡೀ ಟೈರಿನ ಸುತ್ತಳತೆಯಲ್ಲಿ ಕಲ್ಲಿಗೆ ತಾಗಿ ಕುಸಿಯೋದು ಒಂದು ಅಂಗೈಯಷ್ಟು ಜಾಗ. ಅಲ್ಲಿನ ಗಾಳಿ ಉಳಿದ ಕಡೆಗೆ ಸರಿಯುತ್ತದೆ, ಒತ್ತಡ ಸ್ವಲ್ಪ ಏರುತ್ತದೆ, ಅಷ್ಟೇ. ರಿಮ್ ಮಡಚೋದು ಗಾಳಿಯಿಂದಲ್ಲ. ಗಾಳಿ ಸಾಲದೆ ಕಲ್ಲು ನೇರ ಲೋಹಕ್ಕೆ ತಾಗಿದ್ದರಿಂದ.

ಹಾಗಾದರೆ ಗೆಳೆಯನ ಮಾತೇ ಸರಿ, ದಪ್ಪ ಹಾಕಿದರೆ ಏನೂ ಆಗಲ್ಲ ಅಂದುಕೊಳ್ಳಬೇಡಿ. ಆ ಹಳ್ಳಕ್ಕೆ ನಾನೇ ಬಿದ್ದಿದ್ದೇನೆ. ಮೊದಲ ಸಲ 2.4 ಟ್ಯೂಬ್‌ಲೆಸ್ ಹಾಕಿದಾಗ ಖುಷಿಯಲ್ಲಿ ಗಾಳಿ ಇಳಿಸುತ್ತಾ ಇಳಿಸುತ್ತಾ 19 ಪಿಎಸ್‌ಐಗೆ ತಂದೆ. ಬೆಂಗಳೂರಿನ ತುರಹಳ್ಳಿಯ ಬಂಡೆಗಳ ಮೇಲೆ ಹಾಸಿಗೆ ಮೇಲೆ ಹೋದ ಹಾಗಿತ್ತು. ಮೂರನೇ ವಾರ ಇಳಿಜಾರಿನಲ್ಲಿ ಒಂದು ಚೂಪು ಅಂಚಿಗೆ "ಟಣ್" ಅಂತು. ಪಕ್ಕದಿಂದ ಬಿಳಿ ಹಾಲಿನಂಥ ಸೀಲೆಂಟ್ (ಟ್ಯೂಬ್‌ಲೆಸ್ ಟೈರಿನೊಳಗೆ ತೂತು ಮುಚ್ಚಲು ಹಾಕುವ ದ್ರವ) ಬುಸ್ಸೆಂದು ಬಂತು. ಅಂಚು ನಿಮ್ಮದರ ಹಾಗೇ ಮಡಚಿತ್ತು. ದಪ್ಪ ಟೈರ್ ಕೊಟ್ಟ ಗಾದಿಯನ್ನು ನಾನು ಗಾಳಿ ಇಳಿಸಿ ವಾಪಸ್ ಕೊಟ್ಟುಬಿಟ್ಟಿದ್ದೆ. ಅದಕ್ಕೇ ಟೈರಿನ ಅಳತೆಯನ್ನೂ ಗಾಳಿಯನ್ನೂ ಬೇರೆ ಬೇರೆ ಕೇಳಿದರೆ ನನ್ನಲ್ಲಿ ಉತ್ತರ ಇಲ್ಲ. ಜೋಡಿಯಾಗಿ ಕೇಳಿದರೆ ಇದೆ.

2.6ರ ವಿಚಾರ ಬೇರೆ. ನಿಮ್ಮ ರಿಮ್ ಒಳಗೆ 21 ಮಿ.ಮೀ. ಇದೆ. 2.6 ಅಂದರೆ 66 ಮಿ.ಮೀ. ಸಣ್ಣ ಪೀಠದ ಮೇಲೆ ದೊಡ್ಡ ಮಡಕೆ ಕೂರಿಸಿದ ಹಾಗಾಗುತ್ತದೆ. ಟೈರ್ ಬಲ್ಬಿನ ಆಕಾರಕ್ಕೆ ಬಂದು ತಿರುವಿನಲ್ಲಿ ಪಕ್ಕಕ್ಕೆ ವಾಲುತ್ತದೆ. ಹಿಂದಿನ ಚಕ್ರ ಜಾರಿದ ಹಾಗೆ ಅನ್ನಿಸುತ್ತದೆ. ಅದನ್ನು ತಡೆಯಲು ಜನ ಮಾಡೋದೇನು? ಗಾಳಿ ಜಾಸ್ತಿ ಹೊಡೆಸುತ್ತಾರೆ. ಅಲ್ಲಿಗೆ ದಪ್ಪ ಟೈರ್ ತಂದ ಉದ್ದೇಶವೇ ಹೋಯಿತು, ಮೇಲಿನ ಗುಣಾಕಾರದ ಸಂಖ್ಯೆಯೂ ಏರಿತು. 2.6 ಬೇಕೇ ಬೇಕು ಅಂದರೆ ಒಳ ಅಗಲ 30 ಮಿ.ಮೀ. ಆಸುಪಾಸಿನ ರಿಮ್ ಬೇಕು. ಅದಕ್ಕಿಂತ ಮೊದಲು ಫ್ರೇಮ್‌ನಲ್ಲಿ ಜಾಗ ಬೇಕು. 2.1 ಹಾಕಿ ಬಂದ ಎಷ್ಟೋ ಹಾರ್ಡ್‌ಟೈಲ್‌ಗಳಲ್ಲಿ ಹಿಂದೆ 2.35 ಕೂರೋದೇ ಕಷ್ಟ. ಚೈನ್ ಸ್ಟೇ (ಪೆಡಲ್ ಕಡೆಯಿಂದ ಹಿಂದಿನ ಚಕ್ರದ ನಡುವಿಗೆ ಹೋಗುವ ಫ್ರೇಮ್‌ನ ಕೊಳವೆ) ಹತ್ತಿರ ಎರಡೂ ಕಡೆ ಕನಿಷ್ಠ 6 ಮಿ.ಮೀ. ಉಳಿಯಬೇಕು ಅನ್ನೋದು ನನ್ನ ಲೆಕ್ಕ. ನಿಮ್ಮ ಕಡೆಯ ಮಳೆಗಾಲದ ಕೆಂಪು ಕೆಸರಿಗೆ ಅದೂ ಕಡಿಮೆಯೇ. ಕೆಸರಿನ ಜೊತೆ ಒಂದು ಸಣ್ಣ ಕಲ್ಲು ಸಿಕ್ಕಿಕೊಂಡರೆ ಫ್ರೇಮ್‌ನ ಬಣ್ಣ ಹೋಗಿ ಲೋಹ ಕೊರೆಯುತ್ತದೆ. ರಿಮ್ ಉಳಿಸಲು ಹೋಗಿ ಫ್ರೇಮ್ ಕಳಕೊಂಡ ಹಾಗೆ.

ಇದರ ಉಲ್ಟಾ ತಪ್ಪೂ ಇದೆ. ಅಗಲ ರಿಮ್‌ಗೆ ಸಣ್ಣ ಟೈರ್. 30 ಮಿ.ಮೀ. ರಿಮ್‌ಗೆ 1.95 ಹಾಕಿದರೆ ಟೈರ್ ಚಪ್ಪಟೆಯಾಗಿ ಎತ್ತರ ಕಳಕೊಳ್ಳುತ್ತದೆ, ರಿಮ್‌ನ ಅಂಚುಗಳು ಕಲ್ಲಿಗೆ ಮುಖ ಒಡ್ಡಿ ನಿಲ್ಲುತ್ತವೆ. ಅಂಗಡಿಯವರ ಸಲಹೆಯನ್ನೂ ಗೆಳೆಯನ ಸಲಹೆಯನ್ನೂ ಅರ್ಧರ್ಧ ಕೇಳಿದವರಿಗೆ ಆಗೋದು ಇದೇ.

ಎರಡನೇ ರಿಮ್‌ಗೆ ಬರೋಣ. ನನಗೆ ನಿಜಕ್ಕೂ ಬೇಜಾರಾಗಿದ್ದು ಇದನ್ನು ಓದಿ, ಯಾಕೆಂದರೆ ಇದನ್ನು ಉಳಿಸಬಹುದಿತ್ತು.

60 ಪಿಎಸ್‌ಐ ಹೊಡೆಸಿದ್ದರಿಂದ ಅಂಚಿಗೆ ಪೆಟ್ಟು ಬೀಳಲಿಲ್ಲ. ಅಷ್ಟು ಮಟ್ಟಿಗೆ ಅಂಗಡಿ ಅಣ್ಣ ಹೇಳಿದ್ದು ಕೆಲಸ ಮಾಡಿತು. ಆದರೆ ಟೈರ್ ಕಲ್ಲಿನ ಹಾಗಾದ ಮೇಲೆ ಅದು ನುಂಗಬೇಕಿದ್ದ ಒದೆತವೆಲ್ಲ ನೇರ ರಿಮ್‌ಗೆ, ಅಲ್ಲಿಂದ ಕಡ್ಡಿಗೆ ಹೋಯಿತು. ಹಾರ್ಡ್‌ಟೈಲ್‌ನಲ್ಲಿ ಹಿಂದೆ ಸಸ್ಪೆನ್ಶನ್ ಇಲ್ಲ. ಕೂತು ಓಡಿಸುವಾಗ ತೂಕದ ಹೆಚ್ಚು ಪಾಲು ಹಿಂದೆಯೇ. ನಿಮ್ಮ ಮುಂದಿನ ರಿಮ್‌ಗೆ ಏನೂ ಆಗದೆ ಹಿಂದಿನದೇ ಎರಡು ಸಲ ಹೋಗಿದ್ದು ಅದಕ್ಕೇ.

ಆದರೂ ಸರಿಯಾಗಿ ಕಟ್ಟಿದ ಚಕ್ರ ಇದನ್ನೆಲ್ಲ ತಡೆಯುತ್ತದೆ. ತಿಂಗಳೊಳಗೆ ಚಕ್ರ ಆಡತೊಡಗಿತು ಅಂದರೆ ಕಟ್ಟುವಾಗಲೇ ಕಡ್ಡಿಗಳ ಎಳೆತ ಸಾಲದೆ ಇತ್ತು. ಸೈಕಲ್ ಚಕ್ರ ಎತ್ತಿನ ಗಾಡಿಯ ಚಕ್ರದ ಹಾಗಲ್ಲ. ಗಾಡಿಯ ಚಕ್ರದಲ್ಲಿ ಮರದ ಅರ ಭಾರ ಹೊತ್ತು ನಿಲ್ಲುತ್ತದೆ. ಸೈಕಲ್‌ನ ಕಡ್ಡಿಗೆ ಹೊರುವ ಶಕ್ತಿ ಇಲ್ಲ, ಎಳೆದು ಹಿಡಿಯುವ ಶಕ್ತಿ ಮಾತ್ರ. ಒಳ್ಳೆಯ ಚಕ್ರದಲ್ಲಿ ಹಿಂದೆ ಚೈನ್ ಕಡೆಯ ಒಂದೊಂದು ಕಡ್ಡಿಯೂ 100ರಿಂದ 120 ಕೆ.ಜಿ. ಬಲದಲ್ಲಿ ಎಳೆದುಕೊಂಡಿರುತ್ತದೆ. ಎಡಗಡೆ ಅದಕ್ಕಿಂತ ಕಡಿಮೆ. ನೀವು ಕೂತಾಗ ನೆಲದ ಕಡೆಗಿರುವ ನಾಲ್ಕಾರು ಕಡ್ಡಿಗಳ ಎಳೆತ ಇಳಿಯುತ್ತದೆ, ಚಕ್ರ ತಿರುಗಿ ಮೇಲೆ ಹೋದಾಗ ವಾಪಸ್ ಬರುತ್ತದೆ. ಮೊದಲೇ ಎಳೆತ ಕಡಿಮೆ ಇದ್ದರೆ ಕೆಳಗೆ ಬಂದಾಗ ಕಡ್ಡಿ ಪೂರ್ತಿ ಸಡಿಲವಾಗುತ್ತದೆ. ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ. 29 ಇಂಚಿನ ಚಕ್ರ 1 ಕಿ.ಮೀ. ಹೋಗಲು ಸುಮಾರು 437 ಸುತ್ತು ತಿರುಗುತ್ತದೆ. ಭಾನುವಾರ 40 ಕಿ.ಮೀ. ಹೋದಿರಿ ಅಂದರೆ ಪ್ರತಿ ಕಡ್ಡಿಗೂ ಹದಿನೇಳು ಸಾವಿರಕ್ಕೂ ಹೆಚ್ಚು ಸಲ ಈ ಆಟ. ಅದೂ ಸಾಲದು ಅಂತ ಸಡಿಲವಾದ ನಿಪ್ಪಲ್ ಅಲ್ಲಾಡಿ ತಾನೇ ಬಿಚ್ಚಿಕೊಳ್ಳುತ್ತದೆ.

ಆಮೇಲೆ ನಾಲ್ಕು ಸಲ ಬೆಂಡ್ ತೆಗೆಸಿದ್ದು. ಬೆಂಡ್ ತೆಗೆಯೋದು ಅಂದರೆ ನಮ್ಮಲ್ಲಿ ಬಹಳ ಕಡೆ ಒಂದೇ ಅರ್ಥ: ಚಕ್ರ ಎಡಕ್ಕೆ ಹೋದರೆ ಬಲಗಡೆಯ ಕಡ್ಡಿ ಬಿಗಿ ಮಾಡು. ಕಣ್ಣಿಗೆ ಚಕ್ರ ನೆಟ್ಟಗೆ ತಿರುಗುತ್ತದೆ. ಒಳಗೆ ಒಂದು ಕಡ್ಡಿ 150 ಕೆ.ಜಿ. ಎಳೆಯುತ್ತಿದ್ದರೆ ಪಕ್ಕದ್ದು 40 ಎಳೆಯುತ್ತಿರುತ್ತದೆ. ಸಡಿಲ ಕಡ್ಡಿ ಮುರಿಯುತ್ತದೆ, ಬಿಗಿ ಕಡ್ಡಿ ತನ್ನ ತೂತಿನ ಸುತ್ತ ರಿಮ್ ಸೀಳುತ್ತದೆ. ನಿಮಗೆ ಎರಡೂ ಆಯಿತು. ಇಲ್ಲಿ 1.95 ಹಾಕಿದ್ದರೂ ಇದೇ ಗತಿ, 2.6 ಹಾಕಿದ್ದರೂ ಇದೇ ಗತಿ. ಸ್ವಲ್ಪ ದಿನ ಹೆಚ್ಚುಕಡಿಮೆ ಆಗುತ್ತಿತ್ತು ಅಷ್ಟೇ.

ಒಂದು ಸಣ್ಣ ವಿಷಯ, ಕೆಲಸದವರಿಗೂ ಮರೆತುಹೋಗುತ್ತದೆ. ಟೈರಿಗೆ ಗಾಳಿ ತುಂಬಿದಾಗ ಅದು ರಿಮ್ ಅನ್ನು ಸುತ್ತಲಿಂದ ಅಪ್ಪಿ ಹಿಸುಕುತ್ತದೆ. ಆಗ ಎಲ್ಲ ಕಡ್ಡಿಗಳ ಎಳೆತ ಸ್ವಲ್ಪ ಇಳಿಯುತ್ತದೆ. ಗಾಳಿ ಜಾಸ್ತಿ ಇದ್ದಷ್ಟೂ ಇಳಿತವೂ ಜಾಸ್ತಿ. ಮೊದಲೇ ಸಡಿಲವಿದ್ದ ನಿಮ್ಮ ಚಕ್ರಕ್ಕೆ 60 ಪಿಎಸ್‌ಐ ಹೀಗೂ ಒಂದು ಏಟು ಕೊಟ್ಟಿದೆ.

ಹಾಗಾದರೆ ಏನು ಮಾಡಬೇಕು. ಕಡಿಮೆ ಖರ್ಚಿನದ್ದರಿಂದ ಶುರು ಮಾಡುತ್ತೇನೆ.

ಒಂದು ಡಿಜಿಟಲ್ ಗೇಜ್ ತಗೊಳ್ಳಿ. ಪಂಪಿನ ಮುಳ್ಳನ್ನು 30ರ ಕೆಳಗೆ ನಂಬೋಕಾಗಲ್ಲ, ಹೆಬ್ಬೆರಳನ್ನಂತೂ ಮೊದಲೇ ಇಲ್ಲ. ಟೈರಿನ ಪಕ್ಕ ದಪ್ಪ ಇದ್ದರೆ 25 ಇದ್ದರೂ ಬೆರಳಿಗೆ ಗಟ್ಟಿ ಅನ್ನಿಸುತ್ತದೆ. ನಿಮ್ಮ ತೂಕಕ್ಕೆ, ಟ್ಯೂಬ್ ಇರುವ 2.1 ಟೈರಿಗೆ, ಹಿಂದೆ 38, ಮುಂದೆ 33 ಪಿಎಸ್‌ಐನಿಂದ ಶುರು ಮಾಡಿ. ಇವು ದೇವರು ಕೊಟ್ಟ ಅಂಕಿಯಲ್ಲ. ನಿಮ್ಮ ಮಾಮೂಲಿ ದಾರಿಯಲ್ಲಿ ಎರಡು ಸಲ ಹೋಗಿ ಬನ್ನಿ. ರಿಮ್ ಕಲ್ಲಿಗೆ ತಾಗಿದ ಶಬ್ದ ಒಂದು ಸಲ ಕೇಳಿದರೂ 2 ಏರಿಸಿ. ಕೇಳದೇ ಇದ್ದರೆ, ಸೊಂಟ ಬೇಡ ಅನ್ನುತ್ತಿದ್ದರೆ, 1 ಇಳಿಸಿ. ಬೆಳಿಗ್ಗೆ ತಂಪಿನಲ್ಲಿ ಅಳೆದಿದ್ದು ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದ ಮೇಲೆ 2–3 ಪಿಎಸ್‌ಐ ಏರಿರುತ್ತದೆ, ಗಾಬರಿ ಬೇಡ. ಇದರ ಅಪಾಯ ಒಂದೇ: ಟ್ಯೂಬ್ ಇದ್ದಾಗ ಗಾಳಿ ತಪ್ಪಿದರೆ ಹಾವು ಕಚ್ಚಿದ ಪಂಕ್ಚರ್ ಮತ್ತೆ ಬರುತ್ತದೆ.

ಇದಾದ ಮೇಲೆ ಹಿಂದಕ್ಕೆ 2.35, ಫ್ರೇಮ್ ಒಪ್ಪಿದರೆ. ನನ್ನನ್ನು ಕೇಳಿದರೆ ನಿಮಗೆ ಇದೇ ಸರಿ. 21 ಮಿ.ಮೀ. ರಿಮ್‌ಗೆ ಇದು ಮೇಲಿನ ಮಿತಿ, ಆದರೆ ನಡೆಯುತ್ತದೆ. ಟ್ಯೂಬ್ ಇಟ್ಟುಕೊಂಡೇ 31–32 ಪಿಎಸ್‌ಐನಿಂದ ಶುರು ಮಾಡಿ. ಟೈರ್ ತಗೊಳ್ಳುವಾಗ ಇಂಚಿನ ಅಂಕಿಗಿಂತ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿರುವ 60-622 ಥರದ ಅಂಕಿ ನೋಡಿ. ಮೊದಲನೆಯದು ಅಗಲ ಮಿ.ಮೀ.ನಲ್ಲಿ, ಎರಡನೆಯದು ರಿಮ್ ಕೂರುವ ವ್ಯಾಸ. ನಿಮ್ಮದು 622. 584 ಅಂತ ಇದ್ದರೆ ಅದು 27.5ರದು, ಗಡಿಬಿಡಿಯಲ್ಲಿ ತಂದು ವಾಪಸ್ ಕೊಡಲು ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ಒಂದೇ ಅಳತೆಯಲ್ಲಿ ತೆಳು ಮೈಯದೂ ಇರುತ್ತದೆ, ಪಕ್ಕಕ್ಕೆ ಹೆಚ್ಚು ಪದರ ಕೊಟ್ಟ ಗಟ್ಟಿ ಮೈಯದೂ ಇರುತ್ತದೆ. ತೋಟದ ರಸ್ತೆಗೆ ಹಾಸಿದ ದಪ್ಪ ಕಲ್ಲಿಗೆ ಗಟ್ಟಿ ಮೈಯದೇ ಬೇಕು. ತೆಳು ಮೈಯ 2.35ಕ್ಕಿಂತ ಗಟ್ಟಿ ಮೈಯ 2.25 ರಿಮ್ ಅನ್ನು ಚೆನ್ನಾಗಿ ಕಾಯುತ್ತದೆ. ಬೆಲೆ ಏನಪ್ಪಾ ಅಂದರೆ ತೂಕ. ಟಾರ್ ರಸ್ತೆಯ ಏರಿನಲ್ಲಿ ಕಾಲಿಗೆ ಗೊತ್ತಾಗುತ್ತದೆ.

ಟ್ಯೂಬ್‌ಲೆಸ್ ಮಾಡಿಸಿದರೆ ಕಚ್ಚುವ ಟ್ಯೂಬೇ ಇರಲ್ಲ, ಗಾಳಿ ಇನ್ನೂ 3–4 ಇಳಿಸಬಹುದು. ಜನ ಇಲ್ಲೇ ಮೋಸಹೋಗೋದು. ಟ್ಯೂಬ್‌ಲೆಸ್ ಪಂಕ್ಚರ್ ಉಳಿಸುತ್ತದೆ, ರಿಮ್ ಉಳಿಸಲ್ಲ. ಪಂಕ್ಚರ್ ಭಯ ಹೋದ ಮೇಲೆ ಗಾಳಿ ಇಳಿಸಿ ರಿಮ್ ಬಡಿಸಿಕೊಳ್ಳೋರೇ ಜಾಸ್ತಿ, ನನ್ನ ಹಾಗೆ. ರಿಮ್‌ಗೂ ರಕ್ಷಣೆ ಬೇಕಿದ್ದರೆ ಟೈರಿನೊಳಗೆ ಹಾಕುವ ಫೋಮ್ ಬಳೆ ಸಿಗುತ್ತದೆ. ಕೆಲಸ ಮಾಡುತ್ತದೆ. ಹಾಕೋಕೆ, ತೆಗೆಯೋಕೆ ಮಾತ್ರ ಬೆವರು ಸುರಿಯುತ್ತದೆ, ಕಾಡಿನ ಮಧ್ಯೆ ಪಂಕ್ಚರ್ ಆದರೆ ಶಾಪ ಹಾಕುತ್ತೀರಿ. ರಿಮ್ ಟ್ಯೂಬ್‌ಲೆಸ್‌ಗೆ ಅಂತಲೇ ಮಾಡಿದ್ದಾಗಿರಬೇಕು. ಮಾಮೂಲಿ ರಿಮ್‌ಗೆ ಟೇಪ್ ಸುತ್ತಿ ಮಾಡುವ ಜುಗಾಡ್‌ನಲ್ಲಿ ತಿರುವಿನಲ್ಲಿ ಟೈರ್ ಕಳಚಿಕೊಳ್ಳಬಹುದು. ಅದನ್ನು ನಾನು ಯಾರಿಗೂ ಮಾಡಿಕೊಡಲ್ಲ.

ಇನ್ನು ಮೂರನೇ ರಿಮ್. ಹೇಗೂ ತಗೊಳ್ಳಬೇಕು, ಹಾಗಿದ್ದರೆ ಒಳ ಅಗಲ 25 ಮಿ.ಮೀ. ಇರುವ, ಎರಡು ಪದರದ, 32 ತೂತಿನ ಅಲ್ಯೂಮಿನಿಯಂ ರಿಮ್ ತಗೊಳ್ಳಿ. 2.35 ಅದರ ಮೇಲೆ ಆರಾಮಾಗಿ ಕೂರುತ್ತದೆ. ಹಗುರ ಅಂತ ಹೊಗಳುವ ರಿಮ್ ನಿಮಗೆ ಬೇಡ. ಕಾರ್ಬನ್ ಬಗ್ಗೆ ಕೇಳಿಲ್ಲ, ಒಳ್ಳೆಯದು. ಆದರೆ ದುಡ್ಡನ್ನು ರಿಮ್‌ಗಿಂತ ಅದನ್ನು ಕಟ್ಟುವ ಕೈಗೆ ಹಾಕಿ. ಹೊಸ ರಿಮ್‌ಗೆ ಹಳೆ ಕಡ್ಡಿಯನ್ನೇ ಏರಿಸುತ್ತೇನೆ ಅಂದರೆ ಬೇಡ ಅನ್ನಿ. ಅವು ಈಗಾಗಲೇ ಸುಸ್ತಾಗಿವೆ, ಉದ್ದವೂ ಹೊಂದದಿರಬಹುದು. ಕಡ್ಡಿಯ ಎಳೆತ ಅಳೆಯುವ ಟೆನ್ಷನ್ ಮೀಟರ್ ಇದೆಯಾ ಅಂತ ಕೇಳಿ. ನಾಚಿಕೆ ಬೇಡ. ಮೀಟರ್ ಇಲ್ಲದೆಯೂ ಚೆನ್ನಾಗಿ ಕಟ್ಟುವ ಹಿರಿಯರಿದ್ದಾರೆ. ಕಡ್ಡಿ ಮೀಟಿ ಸದ್ದು ಕೇಳಿ ಹೇಳುತ್ತಾರೆ, ಒಂದೇ ಬದಿಯ ಕಡ್ಡಿಗಳೆಲ್ಲ ಒಂದೇ ಶ್ರುತಿಯಲ್ಲಿರಬೇಕು. ಈ ಎರಡರಲ್ಲಿ ಒಂದೂ ಮಾಡದವರ ಹತ್ತಿರ ಕಟ್ಟಿಸಬೇಡಿ.

ಮಡಚಿದ ಮೊದಲ ರಿಮ್ ಇನ್ನೂ ಮನೆಯಲ್ಲಿದ್ದರೆ, ಅದನ್ನು ನೆಟ್ಟಗೆ ಮಾಡಿಸಿ ಹಾಕಬಹುದಾ ಅಂತ ಮುಂದೆ ಕೇಳಬಹುದು ನೀವು. ಅಂಚು ಮಾತ್ರ 2–3 ಮಿ.ಮೀ. ಬಗ್ಗಿದ್ದರೆ, ಬಿರುಕಿಲ್ಲದಿದ್ದರೆ, ಸ್ಪ್ಯಾನರ್ ಬಾಯಲ್ಲಿ ಹಿಡಿದು ನಿಧಾನಕ್ಕೆ ಒಂದು ಸಲ ತಿದ್ದಬಹುದು. ಅಲ್ಯೂಮಿನಿಯಂ ಸ್ಟೀಲಿನ ಹಾಗಲ್ಲ, ಅದೇ ಜಾಗ ಎರಡನೇ ಸಲ ಬಗ್ಗಿಸಿದರೆ ಬಿರುಕು ಬಿಡುತ್ತದೆ. ತಿದ್ದಿದ್ದನ್ನು ಊರೊಳಗೆ ಓಡಿಸುವ ಬೈಕಿಗೆ ಹಾಕಿ, ಗುಡ್ಡಕ್ಕೆ ಬೇಡ. ನಿಪ್ಪಲ್ ಪಕ್ಕ ಬಿರುಕು ಬಂದ ಎರಡನೆಯದನ್ನು ಮಾತ್ರ ಗುಜರಿಗೆ ಕೊಟ್ಟುಬಿಡಿ.

ಹೊಸ ಚಕ್ರ ಬಂದ ಮೇಲೆ ಮೊದಲ 100 ಕಿ.ಮೀ. ಮಾಮೂಲಿ ರಸ್ತೆಯಲ್ಲೇ ಓಡಿಸಿ. ಆಮೇಲೆ ಕಟ್ಟಿದವರ ಹತ್ತಿರವೇ ವಾಪಸ್ ಹೋಗಿ ಎಳೆತ ನೋಡಿಸಿ. ಹೊಸ ಕಡ್ಡಿ ತನ್ನ ಜಾಗದಲ್ಲಿ ಕೂರುವಾಗ ಸ್ವಲ್ಪ ಸಡಿಲವಾಗುತ್ತದೆ. ಅಂಗಡಿ ದೂರ ಅನ್ನೋದಾದರೆ ಅಕ್ಕಪಕ್ಕದ ಎರಡೆರಡು ಕಡ್ಡಿಯನ್ನು ಮುಷ್ಟಿಯಲ್ಲಿ ಹಿಸುಕುತ್ತಾ ಇಡೀ ಚಕ್ರ ಒಂದು ಸುತ್ತು ಬನ್ನಿ, ಒಂದೊಂದೂ ಮೀಟಿ ಸದ್ದು ಕೇಳಿ. ಯಾವುದಾದರೂ ಕಡ್ಡಿ ಉಳಿದವಕ್ಕಿಂತ ಮೆತ್ತಗೆ ಅನ್ನಿಸಿದರೆ, ಚಕ್ರ ಕಣ್ಣಿಗೆ ನೆಟ್ಟಗೆ ಕಂಡರೂ, ಆ ಭಾನುವಾರ ಗುಡ್ಡಕ್ಕೆ ಹೋಗಬೇಡಿ.